ಎಂಜಿನ್ ಕೆಲಸದ ನಂತರದ ಮೊದಲ 20 ನಿಮಿಷ

ಸಂಪಾದಕರಿಗೆ,

ಮಾನ್ಯರೇ,

ಕಾವೇರಿ ಸಂಕ್ರಮಣ ಕಳೆದು ಹುತ್ತರಿ ಬರುವವರೆಗಿನ ಈ ದಿನಗಳು ಕೊಡಗಿನ ಗ್ಯಾರೇಜುಗಳಿಗೆ ಬಿಡುವಿಲ್ಲದ ದಿನಗಳು. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿದ್ದ ತೋಟದ ಜೀಪುಗಳನ್ನೂ, ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಯಿಸಬೇಕಾದ ಡೀಸೆಲ್ ಪಂಪ್‌ಸೆಟ್ಟುಗಳನ್ನೂ ಕೊಯ್ಲಿಗೆ ಮುಂಚೆ ಬಿಚ್ಚಿಸಿ ಎಂಜಿನ್ ಕೆಲಸ ಮಾಡಿಸಿಕೊಳ್ಳುವವರು ನಮ್ಮಲ್ಲಿ ಅನೇಕರಿದ್ದಾರೆ. ಹೀಗೆ ಹೊಸದಾಗಿ ಕಟ್ಟಿದ ಎಂಜಿನ್ ಕೆಲವೇ ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಟಿಕ್ ಟಿಕ್ ಎಂದು ಸದ್ದು ಮಾಡಲು ತೊಡಗಿ, ವಾಲ್ವ್ ಎತ್ತುವ ಟ್ಯಾಪೆಟ್ ಎಷ್ಟು ಸಲ ಸೆಟ್ ಮಾಡಿಸಿದರೂ ನಿಲ್ಲದೆ, ಕೊನೆಗೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಾದ ಪ್ರಸಂಗ ನನಗೂ, ನನ್ನ ಸುತ್ತಿನ ಕೆಲವು ಬೆಳೆಗಾರರಿಗೂ ಬಂದಿದೆ. ಈ ನಷ್ಟಕ್ಕೆ ಆಯಿಲ್ ಸರಿ ಇರಲಿಲ್ಲ, ಪಾರ್ಟ್ಸ್ ಡೂಪ್ಲಿಕೇಟ್, ಮೆಕ್ಯಾನಿಕ್ ಸರಿಯಿಲ್ಲ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ನಾನು ಕಂಡುಕೊಂಡ ಮಟ್ಟಿಗೆ, ಬಹಳಷ್ಟು ಸಲ ಎಂಜಿನ್ ಹಾಳಾಗುವುದು ಅದು ರಸ್ತೆಗಿಳಿಯುವ ಮುಂಚೆಯೇ, ಮೊದಲ ಸಲ ಸ್ಟಾರ್ಟ್ ಆದ 20 ನಿಮಿಷದೊಳಗೆ. ಆ 20 ನಿಮಿಷದಲ್ಲಿ ನಾವು ಸರಿಯೆಂದು ನಂಬಿ ಮಾಡುವ ಕೆಲಸವೇ ತಪ್ಪು ಎಂಬುದನ್ನು ವಿವರಿಸುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ವಿಷಯ ಸ್ವಲ್ಪ ದೀರ್ಘವಾದ್ದರಿಂದ ತಾವು ಸ್ಥಳ ಒದಗಿಸಬೇಕೆಂದು ವಿನಂತಿ.

ನಮ್ಮ ಮನೆಯಲ್ಲಿರುವುದು ತಂದೆಯವರ ಕಾಲದ ಪೆಟ್ರೋಲ್ ಜೀಪು. ಮಹೀಂದ್ರಾ ಕಂಪನಿಯವರು 1947ರಿಂದ ನಮ್ಮ ದೇಶದಲ್ಲಿ ಜೋಡಿಸಲು ಆರಂಭಿಸಿದ ವಿಲ್ಲಿಸ್ ಜೀಪುಗಳ ವಂಶದ್ದು. ಅದರ ಹರಿಕೇನ್ ಎಂಜಿನ್ 4 ಸಿಲಿಂಡರಿನ, 2199 ಸಿಸಿಯದು. ಇನ್‌ಟೇಕ್ ವಾಲ್ವುಗಳು (ಪೆಟ್ರೋಲ್, ಗಾಳಿ ಒಳಬಿಡುವವು) ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವುಗಳು (ಹೊಗೆ ಹೊರಬಿಡುವವು) ಕೆಳಗೆ ಬ್ಲಾಕಿನಲ್ಲಿ ಇರುವ ಹಳೆಯ ಮಾದರಿ. ಈ ಎಂಜಿನ್ನಿನಲ್ಲಿಯೂ, ನಂತರ ಬಂದ ಡೀಸೆಲ್ ಜೀಪುಗಳಲ್ಲಿಯೂ, ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್ನಿನಲ್ಲಿಯೂ ವಾಲ್ವ್ ತೆರೆಯುವ ಕ್ರಮ ಹೆಚ್ಚುಕಡಿಮೆ ಒಂದೇ. ಬ್ಲಾಕಿನೊಳಗೆ ಕ್ಯಾಮ್ ಶಾಫ್ಟ್ ತಿರುಗುತ್ತದೆ. ಅದರ ಮೇಲಿನ ಉಬ್ಬು, ಅಂದರೆ ಲೋಬ್, ಟ್ಯಾಪೆಟ್ಟಿನ ತಳವನ್ನು ಒತ್ತಿ ಮೇಲೆತ್ತುತ್ತದೆ. ಟ್ಯಾಪೆಟ್ ನೇರವಾಗಿಯೋ, ಪುಷ್ ರಾಡ್ ಮತ್ತು ರಾಕರ್ ಮೂಲಕವೋ ವಾಲ್ವನ್ನು ತೆರೆಯುತ್ತದೆ. ಗ್ಯಾರೇಜಿನಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಎಂದು ಹೇಳುವಾಗ ನಮ್ಮ ಕಣ್ಣಿಗೆ ಬೀಳುವುದು ಸ್ಕ್ರೂ ಮತ್ತು ನಟ್ಟು ಮಾತ್ರ. ನಿಜವಾದ ಟ್ಯಾಪೆಟ್ ಬ್ಲಾಕಿನೊಳಗೆ ಹೆಬ್ಬೆರಳಿನ ಗಾತ್ರದಲ್ಲಿ ಕುಳಿತಿರುತ್ತದೆ, ಮತ್ತು ಕಣ್ಣಿಗೆ ಬೀಳದಿರುವುದರಿಂದಲೇ ಅದನ್ನು ಕುರಿತು ಯಾರೂ ಯೋಚಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ಈ ಜೀಪಿನ ಎಂಜಿನ್ ಹೊಗೆ ಕಾರಲು ಶುರುವಾದಾಗ ಪೂರ್ತಿ ಕೆಲಸಕ್ಕೆ ಕೊಟ್ಟೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಎರಡೂ ಘಟ್ಟದಾಚೆಯ ಪಟ್ಟಣವೊಂದರ ಲೇತ್ ಅಂಗಡಿಯಲ್ಲಿ ಆದವು. ಕ್ಯಾಮ್ ಶಾಫ್ಟಿನ ಲೋಬುಗಳು ಸವೆದಿದ್ದುದರಿಂದ ಬೇರೊಂದು ಕ್ಯಾಮ್ ಶಾಫ್ಟ್ ತಂದು ಹಾಕಲಾಯಿತು. ಆದರೆ ಟ್ಯಾಪೆಟ್ಟುಗಳು ಹಳೆಯವೇ. ಅವುಗಳ ತಳದಲ್ಲಿ ಗೆರೆ ಬಿದ್ದಿದ್ದುದನ್ನು ಕಂಡು ಲೇತ್ ಅಂಗಡಿಯವರು 8 ಟ್ಯಾಪೆಟ್ಟುಗಳನ್ನೂ ಗ್ರೈಂಡಿಂಗ್ ಕಲ್ಲಿಗೆ ಕೊಟ್ಟು ಕನ್ನಡಿಯಂತೆ ಹೊಳೆಯುವ ಹಾಗೆ ಮಾಡಿಕೊಟ್ಟರು. ನನಗೆ ಬಹಳ ಸಂತೋಷವಾಗಿತ್ತು. ಎಂಜಿನ್ ಕಟ್ಟಿದ ದಿನ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಸೆಲ್ಫ್ ಹೊಡೆದೆವು. ಪೆಟ್ರೋಲ್ ಏರುವುದಕ್ಕೆ, ಟೈಮಿಂಗ್ ಹೊಂದಿಸುವುದಕ್ಕೆ ಎಂದು ಸುಮಾರು 10 ನಿಮಿಷ ಸೆಲ್ಫ್ ಹೊಡೆಯುತ್ತಲೇ ಇದ್ದೆವು. ಕೊನೆಗೆ ಸ್ಟಾರ್ಟ್ ಆದಾಗ, ಹೊಸ ಎಂಜಿನ್ ಎಂದು ಆಕ್ಸಿಲೇಟರ್ ಮುಟ್ಟದೆ ಒಂದು ಗಂಟೆ ಸ್ಲೋದಲ್ಲಿಯೇ ಬಿಟ್ಟೆವು. ಹಾಗೆ ಬಿಡಬೇಕೆಂದು ಮೆಕ್ಯಾನಿಕ್ಕಿಗೆ ಒತ್ತಾಯ ಮಾಡಿದವನು ನಾನೇ. ಹೊಸ ಎಂಜಿನ್ನನ್ನು ಹಸುಗೂಸಿನಂತೆ ನೋಡಿಕೊಳ್ಳಬೇಕೆಂದು ತಂದೆಯವರು ಹೇಳುತ್ತಿದ್ದ ಮಾತು ಮನಸ್ಸಿನಲ್ಲಿತ್ತು.

ಸುಮಾರು 300 ಕಿಲೋಮೀಟರ್ ಆದ ಮೇಲೆ ಸದ್ದು ಕೇಳಿಸತೊಡಗಿತು. ಸೈಡ್ ಕವರ್ ಬಿಚ್ಚಿ ನೋಡಿದರೆ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ಟ್ಯಾಪೆಟ್ಟಿನ ಗ್ಯಾಪ್, ಅಂದರೆ ಟ್ಯಾಪೆಟ್ಟಿಗೂ ವಾಲ್ವಿಗೂ ನಡುವೆ ಬಿಡುವ ಸಂದು, ಹೆಚ್ಚಾಗಿತ್ತು. ಈ ಎಂಜಿನ್ನಿಗೆ ಎಕ್ಸಾಸ್ಟ್ ಗ್ಯಾಪ್ 16 ಥೌ, ಅಂದರೆ ಒಂದು ಇಂಚಿನ ಸಾವಿರ ಭಾಗಗಳಲ್ಲಿ 16 ಭಾಗ. ಅಷ್ಟಕ್ಕೆ ಸೆಟ್ ಮಾಡಿದೆವು. ವಾರದಲ್ಲಿ ಮತ್ತೆ ಸದ್ದು. ಮತ್ತೆ ಸೆಟ್ ಮಾಡಿದೆವು. ಮೂರನೆಯ ಸಲ ಸೆಟ್ ಮಾಡುವ ಹೊತ್ತಿಗೆ ಇನ್ನೊಂದು ಹೊಸ ತೊಂದರೆ ಕಾಣಿಸಿಕೊಂಡಿತು: ಏರಿನಲ್ಲಿ ಆಕ್ಸಿಲೇಟರ್ ಕೊಟ್ಟರೆ ಕಾರ್ಬುರೇಟರಿನಲ್ಲಿ ಪಟಪಟನೆ ಸಿಡಿಯುವುದು. ಕಾರ್ಬುರೇಟರ್ ತೊಳೆಸಿದೆವು, ಪ್ಲಗ್ ಬದಲಿಸಿದೆವು, ಪಾಯಿಂಟ್ ಬದಲಿಸಿದೆವು. ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಕೊನೆಗೆ ಜೀಪು ಹೋದದ್ದು ಈಗ ಕೆಲಸ ಬಿಟ್ಟಿರುವ ಒಬ್ಬ ಹಿರಿಯ ಮೆಕ್ಯಾನಿಕ್ಕರ ಬಳಿಗೆ. ಅವರು ಕಾರ್ಬುರೇಟರನ್ನು ಮುಟ್ಟಲೇ ಇಲ್ಲ. ಸೈಡ್ ಕವರ್ ತೆಗೆದು, ಪ್ರತಿಯೊಂದು ಟ್ಯಾಪೆಟ್ಟಿನ ಮೇಲೂ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆದು, ಪ್ಲಗ್ಗುಗಳನ್ನು ಕಳಚಿ, ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿದರು. ಟ್ಯಾಪೆಟ್ ಮೇಲೆ ಕೆಳಗೆ ಹೋಗುವುದರ ಜೊತೆಗೆ ತನ್ನ ಸುತ್ತಲೂ ಸ್ವಲ್ಪ ಸ್ವಲ್ಪವೇ ತಿರುಗಬೇಕು ಎಂಬುದು ನನಗೆ ತಿಳಿದದ್ದು ಆಗಲೇ. ನಮ್ಮ ಎಂಜಿನ್ನಿನಲ್ಲಿ ಎಂಟರಲ್ಲಿ ಒಂದು ಗೆರೆಯೂ ಜಾಗ ಬಿಟ್ಟು ಕದಲಲಿಲ್ಲ. ಅವರು ನನ್ನನ್ನು ನೋಡಿ, “ಸಾರ್, ಇದರ ತಳ ಯಾರೋ ಉಜ್ಜಿದ್ದಾರೆ” ಎಂದಷ್ಟೇ ಹೇಳಿದರು. ಬಿಚ್ಚಿದಾಗ ಮೂರನೆಯ ಎಕ್ಸಾಸ್ಟ್ ಲೋಬಿನ ಮೂಗು ಸವೆದು ದುಂಡಗಾಗಿತ್ತು, ಅದರ ಟ್ಯಾಪೆಟ್ಟಿನ ತಳ ತಟ್ಟೆಯ ಹಾಗೆ ಒಳಕ್ಕೆ ಕುಳಿಬಿದ್ದಿತ್ತು. ಸವೆದ ಕಬ್ಬಿಣದ ಪುಡಿ ಆಯಿಲಿನೊಡನೆ ಸುತ್ತಿ, ಹೊಸದಾಗಿ ಹಾಕಿದ್ದ ಬೇರಿಂಗುಗಳಲ್ಲಿ ಗೀರು ಮೂಡಿಸಿತ್ತು.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಾರಣ ತಿಳಿಯದೆ ಯಾರೂ ರೂಢಿ ಬಿಡುವುದಿಲ್ಲ. ಇಂಥ ಟ್ಯಾಪೆಟ್ಟಿನ ತಳ ನೋಡಲು ಚಪ್ಪಟೆಯಾಗಿ ಕಂಡರೂ ನಿಜವಾಗಿ ಚಪ್ಪಟೆಯಲ್ಲ; ನಡುವೆ ಸುಮಾರು 2 ಥೌನಷ್ಟು, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ಉಬ್ಬಿರುತ್ತದೆ. ಲೋಬಿನ ಮೈಯನ್ನೂ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅತ್ಯಲ್ಪ ಇಳಿಜಾರಾಗಿ ಕೊರೆದಿರುತ್ತಾರೆ, ಮತ್ತು ಲೋಬ್ ಟ್ಯಾಪೆಟ್ಟಿನ ನಟ್ಟನಡುವಿಗೆ ತಾಗದೆ ಕೊಂಚ ಪಕ್ಕಕ್ಕೆ ತಾಗುವಂತೆ ಜೋಡಿಸಿರುತ್ತಾರೆ. ಈ ಮೂರೂ ಸೇರಿದಾಗ ಲೋಬ್ ಪ್ರತಿಸಲ ಒತ್ತುವಾಗಲೂ ಟ್ಯಾಪೆಟ್ಟನ್ನು ಸ್ವಲ್ಪ ತಿರುಗಿಸುತ್ತದೆ. ಹಾಗಾಗಿ ಸವೆತ ಒಂದೇ ಗೆರೆಯ ಮೇಲೆ ಬೀಳದೆ ಇಡೀ ತಳಕ್ಕೆ ಹಂಚಿಹೋಗುತ್ತದೆ. ತಳವನ್ನು ಕನ್ನಡಿಯಂತೆ ಚಪ್ಪಟೆ ಮಾಡಿದ ದಿನವೇ ಈ ಏರ್ಪಾಡು ಮುರಿದುಬಿತ್ತು. ತಿರುಗದ ಟ್ಯಾಪೆಟ್ಟಿನ ಮೇಲೆ ಲೋಬ್ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ, ಮೊದಲು ಮೇಲಿನ ಗಟ್ಟಿ ಪದರ ಹೋಗುತ್ತದೆ, ಆಮೇಲೆ ಒಳಗಿನ ಮೆತ್ತನೆಯ ಕಬ್ಬಿಣ ಕರಗಿದ ಹಾಗೆ ಹೋಗುತ್ತದೆ.

ಇನ್ನು ಸ್ಲೋದಲ್ಲಿ ಬಿಡುವ ವಿಷಯ. ಕ್ರ್ಯಾಂಕಿನ ಬೇರಿಂಗುಗಳಿಗೆ, ಕ್ಯಾಮ್ ಶಾಫ್ಟಿನ ಬೇರಿಂಗುಗಳಿಗೆ ಪಂಪು ಒತ್ತಡದಿಂದ ಆಯಿಲ್ ಕಳುಹಿಸುತ್ತದೆ. ಆದರೆ ಇಂಥ ಎಂಜಿನ್ನುಗಳಲ್ಲಿ ಲೋಬ್ ಮತ್ತು ಟ್ಯಾಪೆಟ್ ತಾಗುವ ಜಾಗಕ್ಕೆ ಆಯಿಲ್ ಸಿಗುವುದು ಬಹುಪಾಲು ತಿರುಗುವ ಕ್ರ್ಯಾಂಕು ಎರಚಿದ ಹನಿಗಳಿಂದ. ಎಂಜಿನ್ ನಿಮಿಷಕ್ಕೆ 600 ಸುತ್ತು, ಅಂದರೆ 600 ಆರ್‌ಪಿಎಂನಲ್ಲಿ ತೂಕಡಿಸುತ್ತಿರುವಾಗ ಆ ಎರಚಲು ಸಾಲುವುದಿಲ್ಲ. ಜೊತೆಗೆ, ವೇಗ ಕಡಿಮೆಯಿದ್ದಾಗ ವಾಲ್ವ್ ಸ್ಪ್ರಿಂಗಿನ ಪೂರ್ತಿ ಭಾರ ಲೋಬಿನ ಮೂಗಿನ ಮೇಲೆಯೇ ಬೀಳುತ್ತದೆ. ವೇಗ ಹೆಚ್ಚಾದಂತೆ ಟ್ಯಾಪೆಟ್ಟಿನ ಚಲನೆಯ ರಭಸವೇ ಆ ಭಾರದ ಒಂದಂಶವನ್ನು ಇಳಿಸುತ್ತದೆ. ಹೀಗೆ ನಾವು ಮೃದುವಾಗಿ ನಡೆಸುತ್ತಿದ್ದೇವೆ ಎಂದು ಭಾವಿಸುವ ಆ ಒಂದು ಗಂಟೆ, ಒಂದರ ಮೈಗೆ ಇನ್ನೊಂದು ಇನ್ನೂ ಹೊಂದಿಕೊಳ್ಳದ ಲೋಬ್ ಮತ್ತು ಟ್ಯಾಪೆಟ್ಟುಗಳಿಗೆ ಅವುಗಳ ಆಯುಷ್ಯದ ಅತಿ ಕಠಿಣ ಗಂಟೆ. ಬೇರಿಂಗಿಗೆ, ರಿಂಗಿಗೆ ಹೇಳುವ ಎಚ್ಚರಿಕೆಯನ್ನು ನಾವು ತಿಳಿಯದೆ ಕ್ಯಾಮ್ ಶಾಫ್ಟಿಗೂ ಅನ್ವಯಿಸಿದ್ದೇವೆ.

ಆದ್ದರಿಂದ ಹೊಸ ಕ್ಯಾಮ್ ಶಾಫ್ಟ್ ಅಥವಾ ಹೊಸ ಟ್ಯಾಪೆಟ್ ಹಾಕಿದ ಪೆಟ್ರೋಲ್ ಎಂಜಿನ್ ಸ್ಟಾರ್ಟ್ ಆದ ಕ್ಷಣದಿಂದಲೇ ಅದನ್ನು 2000 ಆರ್‌ಪಿಎಂ ಸುತ್ತಮುತ್ತ, ಕೆಲವೊಮ್ಮೆ 1800ಕ್ಕೆ ಇಳಿಸಿ ಕೆಲವೊಮ್ಮೆ 2500ಕ್ಕೆ ಏರಿಸಿ, 20ರಿಂದ 30 ನಿಮಿಷ ನಡೆಸಬೇಕು. ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ 2000 ಆರ್‌ಪಿಎಂನಲ್ಲಿ ಪ್ರತಿ ಲೋಬೂ ನಿಮಿಷಕ್ಕೆ 1000 ಸಲ ತನ್ನ ಟ್ಯಾಪೆಟ್ಟನ್ನು ಎತ್ತುತ್ತದೆ. 20 ನಿಮಿಷದಲ್ಲಿ 20,000 ಸಲ. ಅಷ್ಟರಲ್ಲಿ ಎರಡರ ಮೈಯೂ ಪಳಗಿ ಗಟ್ಟಿಯಾಗುತ್ತದೆ. ನಡುವೆ ರೇಡಿಯೇಟರ್ ಕುದಿಯತೊಡಗಿದರೆ, ಎಲ್ಲಾದರೂ ಆಯಿಲ್ ಸೋರಿದರೆ, ಸ್ಲೋಗೆ ಇಳಿಸಿ ನೋಡುತ್ತಾ ನಿಲ್ಲಬಾರದು. ಎಂಜಿನ್ ಆಫ್ ಮಾಡಿ, ಆರಲು ಬಿಟ್ಟು, ದೋಷ ಸರಿಪಡಿಸಿ, ಮತ್ತೆ ಸ್ಟಾರ್ಟ್ ಮಾಡಿ ಉಳಿದ ಸಮಯವನ್ನು ಅದೇ ವೇಗದಲ್ಲಿ ಪೂರೈಸಬೇಕು. ಈ ಕೆಲಸವನ್ನು ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂದೂ ಮಾಡಬಾರದು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಡೀಸೆಲ್ ಎಂಜಿನ್ನುಗಳನ್ನು ಅವುಗಳ ವೇಗ ನಿಯಂತ್ರಿಸುವ ಗವರ್ನರಿಗೆ ತಕ್ಕಂತೆ ಇದಕ್ಕಿಂತ ತುಸು ಕಡಿಮೆ ವೇಗದಲ್ಲಿ ನಡೆಸಬಹುದು. 1500 ಆರ್‌ಪಿಎಂನ ಪಂಪ್‌ಸೆಟ್ಟನ್ನು ಅದರ ಕೆಲಸದ ವೇಗಕ್ಕೇ ಏರಿಸಿ ನಡೆಸಿದರೆ ಸಾಕು.

ಸ್ಟಾರ್ಟ್ ಆದ ಕ್ಷಣದಿಂದ ಎಂದೆ. ಅದಕ್ಕೆ ಎಂಜಿನ್ ಒಂದೆರಡು ಸುತ್ತಿನಲ್ಲೇ ಸ್ಟಾರ್ಟ್ ಆಗಬೇಕಲ್ಲವೇ? ನಾವು ಮಾಡಿದಂತೆ 10 ನಿಮಿಷ ಸೆಲ್ಫ್ ಹೊಡೆದರೆ ಜೋಡಿಸುವಾಗ ಲೋಬುಗಳಿಗೆ ಸವರಿದ ಪೇಸ್ಟ್ ಸ್ಟಾರ್ಟ್ ಆಗುವ ಮುಂಚೆಯೇ ಒರೆಸಿಹೋಗಿರುತ್ತದೆ. ಆದ್ದರಿಂದ ಟೈಮಿಂಗನ್ನು ಎಂಜಿನ್ ನಿಂತಿರುವಾಗಲೇ ಗುರುತು ನೋಡಿ ಹೊಂದಿಸಿಕೊಳ್ಳಬೇಕು, ಕಾರ್ಬುರೇಟರಿನ ಬೌಲಿಗೆ ಪೆಟ್ರೋಲ್ ತುಂಬಿಸಿಕೊಳ್ಳಬೇಕು, ಡೀಸೆಲ್ಲಾದರೆ ಲೈನಿನ ಗಾಳಿ ಪೂರ್ತಿ ತೆಗೆದಿರಬೇಕು, ರೇಡಿಯೇಟರ್ ತುಂಬಿರಬೇಕು, ಬ್ಯಾಟರಿ ಚಾರ್ಜ್ ಆಗಿರಬೇಕು. ಆಯಿಲ್ ಪಂಪನ್ನೂ ಫಿಲ್ಟರನ್ನೂ ಖಾಲಿಯಾಗಿ ಕೂರಿಸದೆ ಆಯಿಲ್ ತುಂಬಿಸಿ ಕೂರಿಸಬೇಕು. ಲೋಬುಗಳಿಗೂ ಟ್ಯಾಪೆಟ್ಟಿನ ತಳಕ್ಕೂ ಮಾಲಿಬ್ಡಿನಮ್ ಇರುವ ಅಸೆಂಬ್ಲಿ ಪೇಸ್ಟ್ ಹಚ್ಚಬೇಕು. ನಮ್ಮಲ್ಲಿ ಚಕ್ರದ ಬೇರಿಂಗಿಗೆ ಹಾಕುವ ಗ್ರೀಸನ್ನೇ ಸವರುವ ರೂಢಿಯಿದೆ, ಆ ಒತ್ತಡವನ್ನು ತಡೆಯಲು ಅದು ಸಾಲದು. ಹೊಸ ಕ್ಯಾಮ್ ಶಾಫ್ಟಿನ ಮೇಲೆ ಕಪ್ಪಗಿನ ಒರಟು ಲೇಪ ಕಂಡರೆ ಅದನ್ನು ತುಕ್ಕೆಂದು ಬಗೆದು ಎಮರಿ ಪೇಪರಿನಲ್ಲಿ ಉಜ್ಜಿ ತೆಗೆಯುವವರನ್ನೂ ನೋಡಿದ್ದೇನೆ. ಅದು ಫಾಸ್ಫೇಟ್ ಲೇಪ, ಮೊದಲ ಓಟದಲ್ಲಿ ಆಯಿಲನ್ನು ಹಿಡಿದಿಟ್ಟುಕೊಳ್ಳಲೆಂದೇ ತಯಾರಕರು ಕೊಟ್ಟಿರುವುದು.

ಕಟ್ಟುವಾಗ ನೋಡಬೇಕಾದ ವಿಷಯಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನು: ಹೊಸ ಕ್ಯಾಮ್ ಶಾಫ್ಟಿಗೆ ಹೊಸ ಟ್ಯಾಪೆಟ್ಟುಗಳನ್ನೇ ಹಾಕಬೇಕು. ಹಳೆಯ ಟ್ಯಾಪೆಟ್ ಹಳೆಯ ಲೋಬಿನೊಡನೆ ಸವೆದು ಅದರ ಆಕಾರಕ್ಕೆ ಒಗ್ಗಿರುತ್ತದೆ. ಹೊಸ ಲೋಬಿನ ಕೆಳಗೆ ಅದು ಅರದಂತೆ ಕೆಲಸ ಮಾಡುತ್ತದೆ. ಕ್ಯಾಮ್ ಶಾಫ್ಟ್ ಚೆನ್ನಾಗಿದ್ದು ಹಳೆಯದನ್ನೇ ಮುಂದುವರಿಸುವುದಾದರೆ ಟ್ಯಾಪೆಟ್ಟುಗಳೂ ಹಳೆಯವೇ ಇರಬಹುದು, ಆದರೆ ಯಾವ ತೂತಿನಿಂದ ತೆಗೆದದ್ದೋ ಅದೇ ತೂತಿಗೆ ಹೋಗಬೇಕು. ಬಿಚ್ಚಿದ ಟ್ಯಾಪೆಟ್ಟುಗಳನ್ನೆಲ್ಲ ಒಂದೇ ಡಬ್ಬಿಯ ಸೀಮೆಎಣ್ಣೆಗೆ ಹಾಕಿ ತೊಳೆಯುವ ಅಭ್ಯಾಸ ಇರುವಲ್ಲಿ ಈ ಕ್ರಮ ಅಲ್ಲಿಯೇ ತಪ್ಪಿಹೋಗುತ್ತದೆ. ಒಂದು ರಟ್ಟಿನ ತುಂಡಿಗೆ 8 ತೂತು ಕೊರೆದು ನಂಬರ್ ಬರೆದು ನಿಲ್ಲಿಸಿಟ್ಟರೆ ಸಾಕು, ಖರ್ಚೇನೂ ಇಲ್ಲ.

ಟ್ಯಾಪೆಟ್ಟಿನ ತಳ ಸರಿಯಿದೆಯೇ ಎಂದು ತಿಳಿಯಲು ಆ ಹಿರಿಯರು ತೋರಿಸಿದ ಪರೀಕ್ಷೆ ಯಾರಾದರೂ ಮಾಡಬಹುದಾದದ್ದು. ಎರಡು ಟ್ಯಾಪೆಟ್ಟುಗಳ ತಳಕ್ಕೆ ತಳ ಸೇರಿಸಿ ಬೆಳಕಿಗೆ ಹಿಡಿಯಬೇಕು. ಸರಿಯಾದವಾದರೆ ಎರಡೂ ನಡುವಿನಲ್ಲಿ ಮಾತ್ರ ತಾಗಿ ಅಂಚಿನಲ್ಲಿ ಬೆಳಕಿನ ಗೆರೆ ಕಾಣುತ್ತದೆ, ಒತ್ತಿದರೆ ಅತ್ತಿತ್ತ ತೊನೆಯುತ್ತವೆ. ಅಂಚು ಪೂರ್ತಿ ಕೂಡಿಕೊಂಡು ನಡುವೆ ಸಂದು ಕಂಡರೆ ಕುಳಿಬಿದ್ದಿದೆ ಎಂದರ್ಥ. ಬೆಳಕೇ ಕಾಣದಿದ್ದರೆ ಯಾರೋ ಚಪ್ಪಟೆ ಮಾಡಿದ್ದಾರೆ. ಹೊಸದಾಗಿ ಕೊಂಡವುಗಳಿಗೂ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಪೆಟ್ಟಿಗೆಯ ಮೇಲೆ ಏನು ಮುದ್ರಿಸಿದ್ದರೂ ತಳ ಉಬ್ಬಿಲ್ಲದ ಟ್ಯಾಪೆಟ್ಟನ್ನು ಅಂಗಡಿಗೇ ಹಿಂದಿರುಗಿಸಬೇಕು. ಅನಂತರ ಟ್ಯಾಪೆಟ್ ಕೂರುವ ತೂತುಗಳು. ನಮ್ಮ ಜೂನ್, ಜುಲೈ ತಿಂಗಳ ತೇವದಲ್ಲಿ ಬಿಚ್ಚಿಟ್ಟ ಬ್ಲಾಕಿಗೆ ವಾರದೊಳಗೆ ತುಕ್ಕು ಹಿಡಿಯುತ್ತದೆ. ಬೋರ್ ಮಾಡಿದ ಸಿಲಿಂಡರಿಗೆ ಆಯಿಲ್ ಸವರುವವರು ಈ ಚಿಕ್ಕ ತೂತುಗಳನ್ನು ಮರೆಯುತ್ತಾರೆ. ಆಯಿಲ್ ಹಚ್ಚಿದ ಟ್ಯಾಪೆಟ್ ತನ್ನ ಭಾರಕ್ಕೇ ತೂತಿನಲ್ಲಿ ಇಳಿಯಬೇಕು, ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು. ಎಲ್ಲಾದರೂ ಬಿಗಿಯಾದರೆ ಅಲ್ಲಿ ಅದು ತಿರುಗುವುದಿಲ್ಲ.

ಸವೆದ ಕ್ಯಾಮ್ ಶಾಫ್ಟನ್ನೇ ಗ್ರೈಂಡ್ ಮಾಡಿಸಿ ಬಳಸುವುದು ಖರ್ಚು ಉಳಿಸುವ ದಾರಿಯೆಂದು ಹಲವರು ಭಾವಿಸುತ್ತಾರೆ. ಲೋಬಿನ ಗಟ್ಟಿ ಪದರ ಆಳವಾಗಿರುವುದಿಲ್ಲ. ಅದನ್ನು ದಾಟಿ ಗ್ರೈಂಡ್ ಆದರೆ ಉಳಿಯುವುದು ಮೆತ್ತನೆಯ ಕಬ್ಬಿಣ. ಮತ್ತೆ ಗಟ್ಟಿ ಮಾಡಿಕೊಡುವ, ಲೋಬಿನ ಇಳಿಜಾರನ್ನು ಮೊದಲಿನಂತೆ ಉಳಿಸುವ ಸೌಕರ್ಯ ಇರುವ ಕಡೆ ಮಾತ್ರ ಈ ಕೆಲಸ ಕೊಡಬೇಕು. ವಾಲ್ವ್ ಸ್ಪ್ರಿಂಗುಗಳನ್ನು ಬದಲಿಸುವಾಗಲೂ ಆ ಎಂಜಿನ್ನಿಗೆ ಹೇಳಿದ್ದನ್ನೇ ಹಾಕಬೇಕು. ಬೇರೆ ವಾಹನದ ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಆ ಹೆಚ್ಚಿನ ಭಾರವೆಲ್ಲ ಲೋಬಿನ ಮೇಲೆಯೇ ಬೀಳುತ್ತದೆ.

ಆಯಿಲ್ ಬಗ್ಗೆ ನಮ್ಮಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಹೆಚ್ಚು ಬೆಲೆಯ, ಹೊಸ ಗ್ರೇಡಿನ ಆಯಿಲ್ ಎಲ್ಲ ಎಂಜಿನ್ನಿಗೂ ಒಳ್ಳೆಯದೆಂದು ನಂಬುತ್ತೇವೆ. ಲೋಬ್ ಮತ್ತು ಟ್ಯಾಪೆಟ್ಟಿನ ನಡುವೆ ಆಯಿಲಿನ ಪದರ ಹರಿದುಹೋದಾಗ ಲೋಹವನ್ನು ಕಾಪಾಡುವುದು ಆಯಿಲಿಗೆ ಬೆರೆಸಿರುವ ಸತು ಮತ್ತು ರಂಜಕದ ಸಂಯುಕ್ತ. ಒತ್ತಡ ಮತ್ತು ಬಿಸಿಗೆ ಅದು ಲೋಹದ ಮೈಮೇಲೆ ಗಾಜಿನಂಥ ತೆಳುವಾದ ಪದರ ಕಟ್ಟುತ್ತದೆ. ಆದರೆ ರಂಜಕ ಹೊಗೆಯೊಡನೆ ಹೋಗಿ ಹೊಸ ವಾಹನಗಳಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುವುದರಿಂದ ಅದರ ಪ್ರಮಾಣವನ್ನು ತಗ್ಗಿಸುತ್ತ ಬಂದಿದ್ದಾರೆ. ಪೆಟ್ರೋಲ್ ಎಂಜಿನ್ನುಗಳಿಗಾಗಿ 2004ರಲ್ಲಿ ಬಂದ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಎಂ ದರ್ಜೆಯಲ್ಲಿ 10ಡಬ್ಲ್ಯು-30 ಮತ್ತು ಅದಕ್ಕಿಂತ ತೆಳುವಾದ ಆಯಿಲುಗಳಿಗೆ ರಂಜಕದ ಮಿತಿಯನ್ನು ಶೇಕಡ 0.08ಕ್ಕೆ ಇಳಿಸಲಾಯಿತು. ಹೊಸ ಕಾರುಗಳಲ್ಲಿ ಅನೇಕವುಗಳ ಕ್ಯಾಮಿಗೆ ತಾಗುವುದು ರೋಲರ್ ಆದ್ದರಿಂದ ಅವುಗಳಿಗೆ ಇದು ಸಾಕು. ನಮ್ಮ ಹಳೆಯ ಜೀಪಿಗೆ ಸಾಲದು. ಇಂಥ ಎಂಜಿನ್ನಿಗೆ ಎಪಿಐ ಸಿಐ-4 ದರ್ಜೆಯ 15ಡಬ್ಲ್ಯು-40 ಡೀಸೆಲ್ ಆಯಿಲ್ ಹೆಚ್ಚು ಹೊಂದುತ್ತದೆ. 2020ರ ಏಪ್ರಿಲಿನಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಅಂಗಡಿಗಳಲ್ಲಿ ಹೊಸ ವಾಹನಗಳಿಗೆ ಮಾಡಿದ ಆಯಿಲುಗಳೂ ಪಕ್ಕಪಕ್ಕದಲ್ಲೇ ಇರುತ್ತವೆ. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದದೆ ಕೊಳ್ಳಬಾರದು. ಮೊದಲ 20ರಿಂದ 30 ನಿಮಿಷದ ಓಟ ಮುಗಿದ ಕೂಡಲೇ, ಬಿಸಿಯಿರುವಾಗಲೇ, ಈ ಆಯಿಲನ್ನು ಇಳಿಸಿ ಫಿಲ್ಟರ್ ಬದಲಿಸಬೇಕು. ಹೊಸ ಆಯಿಲ್ ಚೆಲ್ಲುವುದೆಂದರೆ ಯಾರಿಗೂ ಮನಸ್ಸು ಬರುವುದಿಲ್ಲ. ಆದರೂ ಪಳಗುವಾಗ ಉದುರಿದ ಕಬ್ಬಿಣದ ಪುಡಿ ಅದರಲ್ಲಿದೆ ಎಂಬುದನ್ನು ಒಂದು ಅಯಸ್ಕಾಂತ ಅದ್ದಿ ನೋಡಿದರೆ ಕಣ್ಣಾರೆ ಕಾಣಬಹುದು. ಮತ್ತೆ 500 ಕಿಲೋಮೀಟರಿಗೆ ಇನ್ನೊಮ್ಮೆ ಬದಲಿಸಿದರೆ ಒಳ್ಳೆಯದು.

ಈಗಾಗಲೇ ಸದ್ದು ಶುರುವಾಗಿರುವ ಎಂಜಿನ್ ಇಟ್ಟುಕೊಂಡಿರುವವರಿಗಾಗಿ ಪತ್ತೆಯ ವಿಷಯ ಹೇಳಬೇಕು. ಟಿಕ್ ಎಂದದ್ದೆಲ್ಲ ಟ್ಯಾಪೆಟ್ ಅಲ್ಲ. ಮ್ಯಾನಿಫೋಲ್ಡಿನ ಪ್ಯಾಕಿಂಗ್ ಹರಿದಿದ್ದರೂ ಅಂಥದೇ ಸದ್ದು ಬರುತ್ತದೆ, ಆದರೆ ಸಾಮಾನ್ಯವಾಗಿ ಎಂಜಿನ್ ಬಿಸಿಯಾದಂತೆ ಅದು ಕಡಿಮೆಯಾಗುತ್ತದೆ. ಡೀಸೆಲ್ಲಿನಲ್ಲಿ ಇಂಜೆಕ್ಟರ್ ಸದ್ದನ್ನು ಟ್ಯಾಪೆಟ್ಟಿನದೆಂದು ತಿಳಿಯುವುದುಂಟು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟರೆ ಸದ್ದಿನ ಜಾಗ ಸುಮಾರಾಗಿ ಸಿಗುತ್ತದೆ. ಟ್ಯಾಪೆಟ್ಟಿನ ಗ್ಯಾಪ್ ಒಮ್ಮೆ ಸೆಟ್ ಮಾಡಿದ ಮೇಲೆ ಮತ್ತೆ ಮತ್ತೆ ಹೆಚ್ಚುತ್ತಿದ್ದರೆ, ಅದರಲ್ಲೂ ಒಂದೇ ಟ್ಯಾಪೆಟ್ಟಿನಲ್ಲಿ ಹೆಚ್ಚುತ್ತಿದ್ದರೆ, ಅಲ್ಲಿ ಲೋಹ ಸವೆಯುತ್ತಿದೆ ಎಂದು ತಿಳಿಯಬೇಕು. ನಾವು ಸೆಟ್ ಮಾಡಿದ ಮೂರೂ ಸಲ ಈ ಮಾತು ಯಾರಿಗೂ ಹೊಳೆಯಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಗ್ಯಾಪನ್ನು ಅಳೆಯುವುದು ಟ್ಯಾಪೆಟ್ ಲೋಬಿನ ತಗ್ಗಿನ ಭಾಗದ ಮೇಲೆ ಇರುವಾಗ. ಹಾಗಾಗಿ ಟ್ಯಾಪೆಟ್ಟಿನ ತಳ ಸವೆದರೆ ಗ್ಯಾಪ್ ಹೆಚ್ಚುತ್ತದೆ, ಆದರೆ ಲೋಬಿನ ಮೂಗು ಸವೆದದ್ದು ಸಂದು ಅಳೆಯುವ ಫೀಲರ್ ಗೇಜಿಗೆ ಗೊತ್ತಾಗುವುದೇ ಇಲ್ಲ. ಗ್ಯಾಪ್ ಸರಿಯಿದ್ದೂ ಒಂದು ಸಿಲಿಂಡರ್ ಸೊರಗಿದ್ದರೆ ಡಯಲ್ ಗೇಜ್ ಹಚ್ಚಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಪ್ರತಿ ಟ್ಯಾಪೆಟ್ ಅಥವಾ ಪುಷ್ ರಾಡ್ ಎಷ್ಟು ಮೇಲೇಳುತ್ತದೆ ಎಂದು ಅಳೆದು ಬರೆದುಕೊಳ್ಳಬೇಕು. ಎಕ್ಸಾಸ್ಟುಗಳನ್ನು ಎಕ್ಸಾಸ್ಟುಗಳೊಡನೆ, ಇನ್‌ಟೇಕುಗಳನ್ನು ಇನ್‌ಟೇಕುಗಳೊಡನೆ ಹೋಲಿಸಿದಾಗ ಯಾವುದಾದರೂ ಒಂದು ಉಳಿದವಕ್ಕಿಂತ 5 ಥೌಗೂ ಮೀರಿದ ಅಂತರದಿಂದ ಕಡಿಮೆ ಎದ್ದರೆ ಆ ಲೋಬ್ ಹೋಗುತ್ತಿದೆ. ಈ ಪರೀಕ್ಷೆಗೆ ಹೆಡ್ ಬಿಚ್ಚಬೇಕಾಗಿಲ್ಲ, ಆಯಿಲ್ ಚೇಂಬರ್ ಇಳಿಸಬೇಕಾಗಿಲ್ಲ, ಅರ್ಧ ದಿನದ ಕೆಲಸ. ಪುಷ್ ರಾಡ್ ಇರುವ ಎಂಜಿನ್ನುಗಳಲ್ಲಿ ಟ್ಯಾಪೆಟ್ ಕವರ್ ತೆಗೆದು ನಡೆಸಿ ನೋಡಿದರೆ ರಾಡುಗಳು ನಿಧಾನವಾಗಿ ತಿರುಗುವುದು ಕಾಣುತ್ತದೆ. ತಿರುಗದೆ ನಿಂತಿರುವ ರಾಡಿನ ಕೆಳಗಿನ ಟ್ಯಾಪೆಟ್ಟನ್ನು ಸಂಶಯದಿಂದ ನೋಡಬೇಕು. ಕಾರ್ಬುರೇಟರಿನಲ್ಲಿ ಸಿಡಿಯುವುದಕ್ಕೂ ಕಾರಣ ಇಷ್ಟೇ: ಎಕ್ಸಾಸ್ಟ್ ಲೋಬ್ ಸವೆದು ವಾಲ್ವ್ ಸಾಕಷ್ಟು ತೆರೆಯದಿದ್ದಾಗ ಸುಟ್ಟ ಅನಿಲ ಹೊರಹೋಗಲು ದಾರಿಯಿಲ್ಲದೆ ಒಳಗೇ ಉಳಿದು, ಮುಂದೆ ಇನ್‌ಟೇಕ್ ವಾಲ್ವ್ ತೆರೆದ ಕೂಡಲೇ ಹಿಂದಕ್ಕೆ ನುಗ್ಗುತ್ತದೆ. ನಾವು ಕಾರ್ಬುರೇಟರ್ ತೊಳೆಸಿದ್ದು ಕಾಲಿನ ಮುಳ್ಳಿಗೆ ತಲೆಗೆ ಮದ್ದು ಹಚ್ಚಿದ ಹಾಗಾಗಿತ್ತು.

ಲೋಬ್ ಹೋಗಿದೆ ಎಂದು ಖಚಿತವಾದ ಮೇಲೆ ಇನ್ನೂ ಸ್ವಲ್ಪ ದಿನ ಓಡಿಸೋಣ, ಕೊಯ್ಲು ಮುಗಿಯಲಿ ಎನ್ನುವುದು ದುಬಾರಿಯ ನಿರ್ಧಾರ. ಪ್ರತಿ ಕಿಲೋಮೀಟರಿಗೂ ಕಬ್ಬಿಣದ ಪುಡಿ ಬೇರಿಂಗಿಗೆ ಹೋಗುತ್ತಿರುತ್ತದೆ. ಸರಿಪಡಿಸುವಾಗಲೂ ಕ್ಯಾಮ್ ಶಾಫ್ಟ್ ಮತ್ತು ಟ್ಯಾಪೆಟ್ ಮಾತ್ರ ಬದಲಿಸಿ ಮುಚ್ಚಿದರೆ ಸಾಲದು. ಆಯಿಲ್ ಚೇಂಬರ್, ಪಂಪ್, ಬ್ಲಾಕಿನ ಆಯಿಲ್ ದಾರಿಗಳನ್ನೆಲ್ಲ ತೊಳೆದು ಗಾಳಿ ಹೊಡೆಸಿ, ಬೇರಿಂಗುಗಳನ್ನು ಬಿಚ್ಚಿ ನೋಡಬೇಕು.

ಆಯಿಲ್ ಒತ್ತಡದಿಂದ ಗ್ಯಾಪನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಹೊಸ ವಾಹನಗಳ ಮಾತು ಬೇರೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡು ಸದ್ದು ಬಂದು ನಿಂತರೆ ರಾತ್ರಿ ಅದರೊಳಗಿನ ಆಯಿಲ್ ಇಳಿದಿದೆ ಎಂದಷ್ಟೇ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೊಳೆಯಾದ ಆಯಿಲ್, ಆಯಿಲ್ ಒತ್ತಡ, ಆಮೇಲೆ ಟ್ಯಾಪೆಟ್, ಈ ಅನುಕ್ರಮದಲ್ಲಿ ನೋಡಬೇಕು. ಮಳೆಗಾಲದಲ್ಲಿ ವಾಹನವನ್ನು ದಿನಕ್ಕೆ 5 ನಿಮಿಷ ಸ್ಲೋದಲ್ಲಿ ಸ್ಟಾರ್ಟ್ ಮಾಡಿಟ್ಟು ನಿಲ್ಲಿಸುವ ನಮ್ಮ ಅಭ್ಯಾಸ ಎರಡೂ ಬಗೆಯ ಎಂಜಿನ್ನಿಗೆ ಕೆಟ್ಟದ್ದು. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆಯಿಲಿಗೆ ಸೇರಿ ಗಸಿಯಾಗುತ್ತದೆ. 15 ದಿನಕ್ಕೊಮ್ಮೆಯಾದರೂ 10, 15 ಕಿಲೋಮೀಟರ್ ಓಡಿಸಿ ತರುವುದು ಇದಕ್ಕಿಂತ ಎಷ್ಟೋ ಮೇಲು.

ಮೆಕ್ಯಾನಿಕ್ಕುಗಳ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಕ್ಯಾಮ್ ಶಾಫ್ಟ್ ಜೊತೆಗೆ 8 ಹೊಸ ಟ್ಯಾಪೆಟ್ ತರಿಸಬೇಕೆಂದು ಅವರು ಹೇಳಿದರೆ ಬಿಲ್ಲು ಏರಿಸುತ್ತಿದ್ದಾರೆಂದು ಶಂಕಿಸುವವರು ನಾವು. ಹೊಸ ಎಂಜಿನ್ನನ್ನು 2000 ಆರ್‌ಪಿಎಂನಲ್ಲಿ ಅರ್ಧ ಗಂಟೆ ಅರಚಿಸಿದರೆ ಮಾಲೀಕರು ಜಗಳಕ್ಕೆ ಬರುತ್ತಾರೆಂಬ ಭಯ ಅವರಿಗಿದ್ದರೆ ಅದು ಸಹಜವೇ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳ ಚಾಲಕರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಆ ಏರಿನಲ್ಲಿ ಎಂಜಿನ್ ಕೈಕೊಟ್ಟರೆ ನಷ್ಟವಾಗುವುದು ಹಣ ಮಾತ್ರವಲ್ಲ. ಜಿಲ್ಲೆಯ ಐಟಿಐಗಳೂ ಕುಶಾಲನಗರದ ಸರ್ಕಾರಿ ಪಾಲಿಟೆಕ್ನಿಕ್ಕೂ ಕೊಯ್ಲಿಗೆ ಮುಂಚೆ ಒಂದು ದಿನ ನಮ್ಮ ಗ್ಯಾರೇಜುಗಳವರನ್ನು ಕರೆಸಿ, ಡಯಲ್ ಗೇಜಿನಲ್ಲಿ ಲೋಬ್ ಅಳೆಯುವುದನ್ನೂ ಮೊದಲ ಸ್ಟಾರ್ಟಿನ ಕ್ರಮವನ್ನೂ ಮಾಡಿ ತೋರಿಸುವಂತಾದರೆ ಬಹಳ ಉಪಕಾರವಾಗುತ್ತದೆ.

ನಮ್ಮ ಜೀಪಿಗೆ ಎರಡನೆಯ ಸಲ ಹೊಸ ಕ್ಯಾಮ್ ಶಾಫ್ಟ್, 8 ಹೊಸ ಟ್ಯಾಪೆಟ್ ಹಾಕಿ, ಆ ಹಿರಿಯರು ಕೈಯಲ್ಲಿ ಗಡಿಯಾರ ಹಿಡಿದು 25 ನಿಮಿಷ ಆಕ್ಸಿಲೇಟರ್ ಬಿಡದೆ ನಡೆಸಿದರು. ಅದಾಗಿ ನಾಲ್ಕು ಕೊಯ್ಲು ಕಳೆದಿವೆ. ಮೊನ್ನೆ ಸೈಡ್ ಕವರ್ ಬಿಚ್ಚಿ ನೋಡಿದಾಗ ಮೂರನೆಯ ಎಕ್ಸಾಸ್ಟಿನ ಗ್ಯಾಪ್ 16 ಥೌ ಇದ್ದದ್ದು 16ರಲ್ಲೇ ಇದೆ. ಕುಳಿಬಿದ್ದ ಹಳೆಯ ಟ್ಯಾಪೆಟ್ಟನ್ನೂ ಅದರ ಜೊತೆಯ ಕ್ಯಾಮ್ ಶಾಫ್ಟನ್ನೂ ಗುಜರಿಗೆ ಹಾಕದೆ ಆಯಿಲ್ ಸವರಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ವಿದ್ಯಾರ್ಥಿಗಳಿಗೆ ತೋರಿಸಲು ಯಾವ ಸಂಸ್ಥೆಯವರು ಕೇಳಿದರೂ ತಂದು ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ,
ನಾಪೋಕ್ಲು, ಕೊಡಗು